ಮೊದಲ ಸಾಲಿನಲ್ಲೇ ಸತ್ತವಳು

ಒಮ್ಮೆ ಫಿರಂಗಿಗೆ ಸೀನು ಬಂತು. ಆ ಸೀನು ಮುಗಿದು ಅವನು ಮೂಗು ಒರೆಸಿಕೊಳ್ಳುವಷ್ಟರಲ್ಲಿ ಅವನ ಬೆರಳುಗಳು ನಾನೂರು ಪುಟದ ಕಾದಂಬರಿಯೊಂದನ್ನು ಸೀಸದ ಅಚ್ಚುಮೊಳೆಗಳಲ್ಲಿ ಜೋಡಿಸಿ, ತಪ್ಪು ತಿದ್ದಿ, ಲೇಖಕರು ಬರೆಯಲು ಮರೆತಿದ್ದ ಕೊನೆಯ ಅಧ್ಯಾಯವನ್ನೂ ಸೇರಿಸಿ ಮುಗಿಸಿದ್ದವು. ನಂಬದವರು ಮುದ್ರಣಾಲಯದ ಗೋಡೆಯನ್ನು ಕೇಳಬಹುದು. ಗೋಡೆ ಬಾಯಿ ಬಿಡದಿದ್ದರೆ ಅದು ಗೋಡೆಯ ತಪ್ಪು. ಅವನ ಹೆಜ್ಜೆ ಸದ್ದು ಕೇಳಿದರೆ ಸಾಕು, ಆ ಅಕ್ಷರಗಳು ಮರದ ಕೇಸಿನ ಗೂಡುಗಳಿಂದ ತಾವೇ ಎದ್ದು ಸಾಲುಗಟ್ಟುತ್ತಿದ್ದವು. ‘ಕ್ಷ’ದಂಥ ಸೊಕ್ಕಿನ ಅಕ್ಷರವೂ ಅವನೆದುರು ಕೈಕಟ್ಟಿ ನಿಲ್ಲುತ್ತಿತ್ತು.

ಫಿರಂಗಿ ಎಂಬುದು ಜನ ಇಟ್ಟ ಹೆಸರು. ಬಾಯಿ ತೆರೆದರೆ ಗುಂಡು ಹಾರುತ್ತಿತ್ತು, ಅದಕ್ಕೆ. ಗುಂಡು ಎಲ್ಲಿ ಬೀಳುತ್ತದೆಂದು ಅವನೆಂದೂ ತಿರುಗಿ ನೋಡಿದವನಲ್ಲ. ಮುದ್ರಣಾಲಯವೆಂದರೆ ಒಂದು ಉದ್ದನೆಯ ಕೋಣೆ. ಬೀದಿ ಕಡೆಯ ಕಿಟಕಿಯ ಬೆಳಕಿನಲ್ಲಿ ಓರೆಯಾಗಿ ನಿಲ್ಲಿಸಿದ ಮೊಳೆಯ ಕೇಸುಗಳು, ನಡುವೆ ನೆಲ ನಡುಗಿಸುವ ಅಚ್ಚಿನ ಯಂತ್ರ, ಹಿಂದೆ ಕಾಗದ ಕತ್ತರಿಸುವ ಯಂತ್ರ, ಅದರ ಪಕ್ಕದಲ್ಲಿ ಪುಟ ಮಡಿಸಿ ಹೊಲಿಯುವ ಮೇಜು. ಆ ಮೇಜಿನ ಮುಂದೆ ಅಕ್ಕ ಕೂರುತ್ತಿದ್ದಳು. ಫಿರಂಗಿಯ ಒಡಹುಟ್ಟಿದ ಅಕ್ಕ. ಎದುರು ಬೀದಿಯ ಮಹಡಿ ಕೋಣೆಯಲ್ಲಿ ಇಬ್ಬರದೇ ಸಂಸಾರ. ಊರೆಲ್ಲ ಅವನ ಬುರುಡೆಗೆ ಬಾಯಿ ಬಿಟ್ಟುಕೊಂಡು ಕೂತರೆ ಅಕ್ಕ ಮಾತ್ರ ಮಡಿಸುವ ಕೈ ನಿಲ್ಲಿಸದೆ, “ಹೂಂ, ಆಮೇಲೆ?” ಎನ್ನುತ್ತಿದ್ದಳು. ಆ “ಆಮೇಲೆ” ಕೇಳಿದರೆ ಎಂಥ ಗುಂಡೂ ಅರ್ಧ ದಾರಿಗೇ ನೆಲ ಕಚ್ಚುತ್ತಿತ್ತು.

ಅಕ್ಕನ ಬಲಗೈಯಲ್ಲಿ ಇದ್ದದ್ದು ಹೆಬ್ಬೆರಳು ಮತ್ತು ಕಿರುಬೆರಳು, ಎರಡೇ. ನಡುವಿನ ಮೂರು ಇರಲಿಲ್ಲ. ಉಳಿದೆರಡನ್ನು ಇಕ್ಕಳದಂತೆ ಮಾಡಿಕೊಂಡು ಅವಳು ಹಾಳೆಯ ಅಂಚು ಹಿಡಿದು ಎಡಗೈಯಿಂದ ಒತ್ತಿ ಮಡಿಸುತ್ತಿದ್ದಳು. ಆ ಮೂರು ಬೆರಳಿನ ಕಥೆ ಗೊತ್ತಿಲ್ಲದವರು ಆ ಬೀದಿಯಲ್ಲಿ ಇರಲಿಲ್ಲ. ಹನ್ನೆರಡು ವರ್ಷದ ಹಿಂದೆ, ಕಾಗದ ಕತ್ತರಿಸುವ ಯಂತ್ರದ ಕತ್ತಿ ಕೊಂಡಿ ಕಳಚಿ ಸಿಡಿಲಿನ ಹಾಗೆ ಕೆಳಗೆ ಬಂತು. ಅದರಡಿ ಫಿರಂಗಿಯ ಕೈ ಸಿಕ್ಕಿತ್ತು. ಅಕ್ಕ ಹುಲಿಯಂತೆ ಹಾರಿ ತಮ್ಮನ ಕೈಯನ್ನು ಆಚೆ ತಳ್ಳಿ, ತನ್ನ ಕೈಯನ್ನು ಅಲ್ಲಿಟ್ಟಳು. ಅಳಲಿಲ್ಲ. ನಕ್ಕಳು. ಅಲ್ಲಿಯವರೆಗೆ ಆ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದವಳು ಅವಳೇ. ಅವನು ಹಿಂಭಾಗದಲ್ಲಿ ಕಾಗದ ಹೊರುವ, ಮಡಿಸುವ ಆಳು. ಆ ದಿನದಿಂದ ಅವಳ ಜಾಗಕ್ಕೆ ಅವನು ಬಂದ, ಅವನ ಜಾಗಕ್ಕೆ ಅವಳು ಹೋದಳು. ತಮ್ಮನಿಗಾಗಿ ಕೈಯನ್ನೂ ಕೊಟ್ಟಳು, ಕಸುಬನ್ನೂ ಕೊಟ್ಟಳು ಎಂದು ಫಿರಂಗಿ ಹೇಳುವಾಗ ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು. ಮೊದಮೊದಲು ಅಕ್ಕ ಎರಡು ಹೆಜ್ಜೆ ದೂರದಿಂದ ಹಾರಿದ್ದಳು. ವರ್ಷ ಕಳೆದಂತೆ ಆ ದೂರ ಬೆಳೆಯಿತು. ಈಚೆಗಂತೂ ಬೀದಿಯಾಚೆಯ ಮಹಡಿಯಿಂದಲೇ ಹಾರಿ ಬರುತ್ತಿದ್ದಳು.

ಈ ಹಾರಾಟವನ್ನು ಒಂದು ದಿನ ಲೇಖಕರು ಕೇಳಿಸಿಕೊಂಡರು.

ಲೇಖಕರೆಂದರೆ ತೆಳ್ಳಗಿನ ಆಳು. ತೊಳೆದು ತೊಳೆದು ಬಿಳುಚಿದ ಅಂಗಿ, ಯಾರ ಮೇಲೂ ಏರಿಸದ ದನಿ. ಅವರದು ಹೊಸ ಬಗೆಯ ಬರವಣಿಗೆ. ಅವರ ಹಿಂದಿನ ಪುಸ್ತಕದಲ್ಲಿ ಒಬ್ಬ ಮನುಷ್ಯ ಮೆಟ್ಟಿಲು ಹತ್ತುವುದಕ್ಕೆ ಅರವತ್ತು ಪುಟ ತೆಗೆದುಕೊಂಡಿದ್ದ, ಅದೂ ಐದೇ ಮೆಟ್ಟಿಲು. ಪೂರ್ಣವಿರಾಮಗಳು ಕೆಲಸವಿಲ್ಲದೆ ಗೂಡಿನಲ್ಲೇ ಜೇಡರಬಲೆ ಕಟ್ಟಿಸಿಕೊಂಡವು ಎಂದು ಫಿರಂಗಿ ಹೇಳುತ್ತಿದ್ದ. ಆದರೆ ಅವರ ಪುಸ್ತಕಗಳಲ್ಲಿ ಏನೂ ನಡೆಯದಿದ್ದರೂ ಕೊನೆಗೆ ಒಬ್ಬರ ರಕ್ತ ಮಾತ್ರ ಬಿದ್ದೇ ಬೀಳುತ್ತಿತ್ತು.

“ಅದ್ಯಾಕೆ ಸಾರ್, ಯಾರನ್ನೂ ಬದುಕೋಕೆ ಬಿಡಲ್ವಲ್ಲ ನೀವು?” ಎಂದು ಫಿರಂಗಿ ಚಹಾದಂಗಡಿಯ ಬೆಂಚಿನ ಮೇಲೆ ಕೇಳಿದ್ದ.

“ಹಿಂದಿನೋರು ಬಲಿ ಕೊಡೋವಾಗ ಯಾರಿಗೆ ಕೊಡ್ತಿದೀವಿ ಅಂತ ಅವರಿಗೆ ಗೊತ್ತಿತ್ತು,” ಎಂದಿದ್ದರು ಲೇಖಕರು. “ನಮಗೆ ಅದು ಗೊತ್ತಿಲ್ಲ. ಆದರೂ ಕೊಡೋದು ನಿಲ್ಲಿಸಿಲ್ಲ. ಕಾರ್ಖಾನೆಗೆ ಕೊಡ್ತೀವಿ, ಯುದ್ಧಕ್ಕೆ ಕೊಡ್ತೀವಿ, ಮನೆಯೊಳಗೇ ಒಬ್ಬರನ್ನ ಆರಿಸ್ಕೊಂಡು ಕೊಡ್ತೀವಿ. ಅದನ್ನ ಬರೀದೆ ಇನ್ನೇನು ಬರೀಲಿ ಹೇಳಿ?”

ಮನೆಯೊಳಗೆ ಎಂದದ್ದೇ ತಡ, ಫಿರಂಗಿ ಬತ್ತಿಗೆ ಕಿಡಿ ಹಚ್ಚಿದ. ಆ ದಿನ ಅಕ್ಕ ಮೂರು ಬೀದಿ ದಾಟಿ ಹಾರಿದಳು. ಕತ್ತಿ ಆನೆಯಷ್ಟು ತೂಗಿತು. ನೆಲದ ಮೇಲೆ ಬಿದ್ದ ಬೆರಳುಗಳು ತಮ್ಮನ ಕಡೆಗೆ ತಿರುಗಿ ಬೀಳ್ಕೊಂಡವು. ಲೇಖಕರ ಕೈಯ ಚಹಾ ಆರಿ ಕೆನೆಗಟ್ಟಿತು. ಅವರು ಕೊನೆಗೆ ಕೇಳಿದ್ದು ಒಂದೇ ಮಾತು: “ಅವರೇ ಕೈ ಇಟ್ರಾ? ತಾವಾಗಿ?”

“ತಾವಾಗಿ ಸಾರ್. ನಗ್ತಾ.”

ಆರು ತಿಂಗಳಿಗೆ ಹಸ್ತಪ್ರತಿ ಬರತೊಡಗಿತು. ಪೂರ್ತಿಯಾಗಿ ಅಲ್ಲ, ಅಧ್ಯಾಯ ಅಧ್ಯಾಯವಾಗಿ. ಅವರು ಬರೆಯುವುದು, ಇವನು ಜೋಡಿಸುವುದು, ಎರಡೂ ಒಟ್ಟಿಗೆ. ಅಲ್ಲಿಯ ಕೆಲಸದ ಕ್ರಮವೇ ಹಾಗೆ. ಒಂದಿಡೀ ಪುಸ್ತಕಕ್ಕೆ ಸಾಲುವಷ್ಟು ಮೊಳೆ ಯಾವ ಸಣ್ಣ ಮುದ್ರಣಾಲಯದಲ್ಲೂ ಇರುವುದಿಲ್ಲ. ಹದಿನಾರು ಪುಟ ಜೋಡಿಸಬೇಕು, ಅದನ್ನು ಒಂದು ಫಾರಂ ಎಂದು ಕಟ್ಟಿ ಸಾವಿರ ಹಾಳೆ ಅಚ್ಚು ಹಾಕಬೇಕು, ಮೊಳೆಗಳನ್ನು ಬಿಚ್ಚಿ ತೊಳೆದು ಮತ್ತೆ ಗೂಡುಗಳಿಗೆ ತುಂಬಬೇಕು, ಆಮೇಲೆ ಅದೇ ಮೊಳೆಗಳಿಂದ ಮುಂದಿನ ಹದಿನಾರು ಪುಟ. ಹುಟ್ಟಿದ ಮಗುವಿನ ಹೆಸರಿಗೆ ಬಳಸಿದ ಅಕ್ಷರವೇ ನಾಳೆ ಅದರ ಸಾವಿಗೂ ಬರುತ್ತದೆ. ಅಚ್ಚಾದ ಮೇಲೆ ಹಿಂದಕ್ಕೆ ಹೋಗಿ ತಿದ್ದುತ್ತೇನೆಂದರೆ ತಿದ್ದಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಮೊದಲ ಫಾರಂನ ಮೊದಲ ಸಾಲು ಹೀಗಿತ್ತು: ‘ಸಾಯುವ ದಿನವೂ ಅವಳು ಎಂದಿನಂತೆ ಕತ್ತಿಗೆ ಎಣ್ಣೆ ಹಾಕಿದಳು.’

ಫಿರಂಗಿ ಅದನ್ನು ಜೋಡಿಸಿ ತಲೆದೂಗಿದ. ಕಾದಂಬರಿಯಲ್ಲಿ ಯಾರಿಗೂ ಹೆಸರಿರಲಿಲ್ಲ. ಅವಳು ‘ಅವಳು’, ತಮ್ಮ ‘ತಮ್ಮ’, ಊರು ‘ಊರು’. ಆದರೂ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಅವನು, “ಅದು ನಾವೇ ಕಣ್ರೀ, ನಾನೂ ಅಕ್ಕನೂ. ಲೇಖಕರು ಬರೀ ಕೈ ಆಡಿಸಿದ್ದಷ್ಟೆ” ಎಂದು ಹೇಳಿಕೊಂಡು ತಿರುಗಿದ. ನಾಲ್ಕನೆಯ ಫಾರಂನಲ್ಲಿ ಬೆರಳು ಹೋಯಿತು. ಅವನು ಹೇಳಿದ ಹಾಗೆಯೇ, ನಗುತ್ತ. ಏಳನೆಯದರಲ್ಲಿ ಊರಿನವರು ಅವಳನ್ನು ನೋಡಲು ಸಾಲುಗಟ್ಟಿದರು. ಒಂಬತ್ತನೆಯದರಲ್ಲಿ ಒಂದು ಮಗುವಿಗೆ ಕಾಯಿಲೆಯಾದಾಗ ಅದರ ತಾಯಿ ಬಂದು, ಒಮ್ಮೆ ಕೊಟ್ಟವಳು ಇನ್ನೊಮ್ಮೆ ಕೊಡುವುದಿಲ್ಲವೇ ಎಂದು ಅವಳ ಉಳಿದ ಕೈಯನ್ನೇ ನೋಡಿದಳು. ಅದನ್ನು ಜೋಡಿಸುವಾಗ ಫಿರಂಗಿ ಯಾಕೋ ಒಂದೇ ಸಾಲನ್ನು ಎರಡು ಸಲ ಬಿಚ್ಚಿ ಕಟ್ಟಿದ.

ಅಚ್ಚಾದ ಹಾಳೆಗಳೆಲ್ಲ ಹೋಗುತ್ತಿದ್ದುದು ಅಕ್ಕನ ಮೇಜಿಗೆ. ಅವಳು ಮಡಿಸುತ್ತ ಓದುತ್ತಿದ್ದಳು. ಮೊಳೆ ಜೋಡಿಸಿದವಳ ಕಣ್ಣು ಅದು, ತಲೆಕೆಳಗಾದ ಸಾಲನ್ನೂ ಬಿಡುತ್ತಿರಲಿಲ್ಲ. ಓದಿ ಏನೂ ಹೇಳುತ್ತಿರಲಿಲ್ಲ. ಒಮ್ಮೆ ಮಾತ್ರ ಊಟದ ಹೊತ್ತಿಗೆ ಕೇಳಿದಳು.

“ಇನ್ನೆಷ್ಟು ಫಾರಂ ಇದೆಯೋ?”

“ಎರಡೋ ಮೂರೋ. ಯಾಕಕ್ಕ? ಚೆನ್ನಾಗಿದೆ ತಾನೆ? ಲೋಕವೇ ನಿನ್ನ ಕಾಲಿಗೆ ಬೀಳುತ್ತೆ ನೋಡ್ತಿರು.”

“ಕಾಲಿಗೆ ಬೀಳೋರಿಗೆ ನಾಳೆ ಆ ಕಾಲೇ ಬೇಕಾಗುತ್ತೆ ಅಂತ ಬರ್ದಿದಾರಲ್ಲ ಅವರು,” ಎಂದು ಅಕ್ಕ ತಟ್ಟೆ ಎತ್ತಿಕೊಂಡು ಎದ್ದಳು.

ಕೊನೆಯ ಅಧ್ಯಾಯ ಬಂದ ಬೆಳಿಗ್ಗೆ ಫಿರಂಗಿ ಸ್ಟಿಕ್ಕನ್ನು ಕೈಗೆತ್ತಿಕೊಂಡು ಹಸ್ತಪ್ರತಿಯ ಮೇಲೆ ಕಣ್ಣಾಡಿಸಿದ. ಸಾಲು ಕಟ್ಟುವ ಆ ಕಬ್ಬಿಣದ ಅಚ್ಚು ಅವನ ಅಂಗೈಯಲ್ಲಿ ಎರಡು ಮಣ ಭಾರವಾಯಿತು. ಅಧ್ಯಾಯದಲ್ಲಿ ಊರು ಕಾಯುತ್ತ ನಿಂತಿದೆ. ತಮ್ಮ ಬಾಗಿಲಲ್ಲಿ ನಿಂತು ಜನಕ್ಕೆ ಹಳೆಯ ಕಥೆಯನ್ನು ಮತ್ತೆ ಹೇಳುತ್ತಿದ್ದಾನೆ. ಒಳಗೆ ಅವಳು ಕತ್ತಿಯಡಿ ಕತ್ತು ಇಡುತ್ತಾಳೆ. ತಾನಾಗಿ, ನಗುತ್ತ. ಅವಳ ಕೊನೆಯ ಮಾತು ತಮ್ಮನಿಗೆ: ‘ನಿನ್ನ ಕೈ ಜೋಪಾನ.’

ಲೇಖಕರು ಹನ್ನೊಂದು ಗಂಟೆಗೆ ಹಿಂದಿನ ಫಾರಂನ ಪ್ರೂಫು ನೋಡಲು ಬಂದರು. ಫಿರಂಗಿ ಅವರನ್ನು ಬಾಗಿಲಲ್ಲೇ ತಡೆದ.

“ಸಾರ್, ಒಂದು ಮಾತು. ಅವಳನ್ನ ಬದುಕಿಸ್ಬಿಡಿ.”

“ಯಾರನ್ನ?”

“ಅವಳನ್ನ. ನಿಮ್ಮ ಅವಳನ್ನ. ಬೇಕಾದ್ರೆ ತಮ್ಮನನ್ನ ಕೊಲ್ಲಿ. ಅವನಿದ್ದೂ ಏನು ಕಡಿದು ಗುಡ್ಡೆ ಹಾಕ್ಬೇಕು? ಒಂದು ಲಾರಿ ಹರಿಸಿ. ಎರಡು ಹರಿಸಿದ್ರೂ ನಾನು ಜೋಡಿಸ್ತೀನಿ.”

ಲೇಖಕರು ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

“ಆಗಲ್ಲಪ್ಪ. ಮೊದಲ ಸಾಲಲ್ಲೇ ಸತ್ತಿದಾಳಲ್ಲ ಅವಳು. ಸಾವಿರ ಹಾಳೆ ಅಚ್ಚಾಗಿ ಕೂತಿದೆ. ನನಗೂ ರಾತ್ರಿಯೆಲ್ಲ ನಿದ್ದೆ ಇಲ್ಲ, ಎಷ್ಟು ಸಲ ತಪ್ಪಿಸೋಕೆ ನೋಡಿದೆ ಗೊತ್ತಾ? ಅವಳು ತಾನಾಗಿ ಬೆರಳು ಕೊಟ್ಟ ದಿನವೇ ಇದೆಲ್ಲ ತೀರ್ಮಾನ ಆಗಿಹೋಯ್ತು. ಕೊಟ್ಟವಳ ಹತ್ರ ಜನ ಇನ್ನಷ್ಟು ಕೇಳೋದನ್ನ ಬಿಡ್ತಾರಾ? ಬರೀ ಆಕಸ್ಮಿಕ ಆಗಿದ್ದಿದ್ರೆ ಬೇರೆ ಮಾತು.”

“ಆಕಸ್ಮಿಕ ಆಗಿದ್ದಿದ್ರೆ?”

“ಆಗ ಪುಸ್ತಕವೇ ಇಲ್ಲ. ಯಾರೋ ಎಚ್ಚರ ತಪ್ಪಿ ಯಾರದೋ ಕೈ ಕತ್ತರಿಸಿದರು, ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು. ನಾನು ಅವಳನ್ನ ಕೊಲ್ಲೋ ಅಗತ್ಯವೂ ಇರ್ತಿರಲಿಲ್ಲ.”

ಊರನ್ನೇ ಹಾರಿಸಬಲ್ಲ ಬಾಯಿ ಆ ಕ್ಷಣಕ್ಕೆ ತೇವ ಹಿಡಿದ ಮದ್ದಾಯಿತು. ಫಿರಂಗಿ, “ಚಹಾ ಹೇಳ್ಲಾ ಸಾರ್?” ಎಂದ.

ಅವನು ತಿರುಗಿ ಬಂದು ಆ ಅಧ್ಯಾಯವನ್ನು ಜೋಡಿಸಿದ. ಲೋಕದಲ್ಲಿ ಯಾರೂ ಜೋಡಿಸದಷ್ಟು ನಿಧಾನವಾಗಿ ಜೋಡಿಸಿದ. ಒಂದು ‘ನ’ಕಾರ ಹುಡುಕಲು ಒಂದು ಗಂಟೆ ತೆಗೆದುಕೊಂಡ. ಕತ್ತು ಎಂಬ ಪದಕ್ಕೆ ಬೇಕಾದ ಒತ್ತಕ್ಷರವೇ ಇಲ್ಲ, ತೀರಿಹೋಗಿದೆ ಎಂದ. ಮುದ್ರಣಾಲಯದ ಮಾಲೀಕರು ಬಂದು ಗೂಡಿಗೆ ಕೈ ಹಾಕಿ ಮುಷ್ಟಿ ತುಂಬ ತೆಗೆದು ಅವನ ಮುಂದೆ ಸುರಿದರು. “ಇದೇನು, ಕಡ್ಲೇಬೀಜನಾ?” ಎಂದು ಕೇಳಿ ಹೋದರು. ಮೂರು ದಿನಕ್ಕೆ ಅವಳು ಕತ್ತಿಯ ಹತ್ತಿರ ಬಂದಳು. ನಾಲ್ಕನೆಯ ದಿನ, ಕಟ್ಟಿದ ಸಾಲುಗಳಿದ್ದ ಗ್ಯಾಲಿಯ ತಟ್ಟೆಯನ್ನು ಎತ್ತಿಕೊಂಡು ಹೋಗುವಾಗ ಫಿರಂಗಿಯ ಕಾಲು ಎಡವಿತು. ಎಡವಲು ಅಲ್ಲಿ ಏನೂ ಇರಲಿಲ್ಲ. ಇಡೀ ಅಧ್ಯಾಯ ನೆಲದ ತುಂಬ ಸಾಸಿವೆಯಂತೆ ಚೆಲ್ಲಾಡಿತು. ಅವಳ ಕತ್ತು ಮೇಜಿನ ಕೆಳಗೆ, ನಗು ಬಾಗಿಲ ಸಂದಿಯಲ್ಲಿ, ಊರು ಅಚ್ಚಿನ ಯಂತ್ರದ ಅಡಿಯಲ್ಲಿ.

ಅವನಿಗೆ ಅರ್ಧ ದಿನ ಉಸಿರಾಡಲು ಸಿಕ್ಕಿತು. ಸಂಜೆಗೆ ಮುಂಚೆ ಲೇಖಕರು ಬಂದರು. ಬೈಯಲಿಲ್ಲ. ಬಿಳಿ ಅಂಗಿಯಲ್ಲೇ ನೆಲದ ಮೇಲೆ ಮೊಣಕಾಲೂರಿ ಅವನ ಜೊತೆ ಮೊಳೆ ಆರಿಸಿದರು. ಆರಿಸುತ್ತ ಆರಿಸುತ್ತ, “ಒಳ್ಳೇದೇ ಆಯ್ತು ಬಿಡಿ. ಈ ಭಾಗ ನನಗೆ ಸಮಾಧಾನ ಆಗಿರಲಿಲ್ಲ” ಎಂದು ಕೊನೆಯ ಎರಡು ಪುಟವನ್ನು ಅಲ್ಲೇ ಕೂತು ಹೊಸದಾಗಿ ಬರೆದುಕೊಟ್ಟರು. ಹಳೆಯದರಲ್ಲಿ ಅವಳು ಒಂದು ವಾಕ್ಯದಲ್ಲಿ ಸಾಯುತ್ತಿದ್ದಳು. ಹೊಸದರಲ್ಲಿ ಅದಕ್ಕೆ ಒಂದೂವರೆ ಪುಟ ಹಿಡಿಯಿತು.

ಎರಡನೆಯ ಸಲ ಅವನು ಬೀಳಿಸಲಿಲ್ಲ. ಬೀಳಿಸಿದರೆ ಇನ್ನೂ ಎಷ್ಟು ಹೊತ್ತು ಸಾಯಿಸುತ್ತಾರೋ ಎಂಬ ಭಯ ಅವನಿಗೆ. ಜೋಡಿಸಿದ. ಫಾರಂ ಕಟ್ಟಿ ಯಂತ್ರಕ್ಕೆ ಏರಿಸಿದರು. ಪ್ರೂಫು ತೆಗೆದರು. ಲೇಖಕರ ಸಹಿ ಒಂದು ಬಿದ್ದರೆ ಅಚ್ಚು ಶುರು. ಬೆಳಿಗ್ಗೆ ಹತ್ತಕ್ಕೆ ಅವರು ಪ್ರೂಫು ಹಿಡಿದುಕೊಂಡು, ಸಹಿ ಹಾಕುವ ಬದಲು, ನೇರ ಅಕ್ಕನ ಮೇಜಿನ ಕಡೆ ನಡೆದರು. ಫಿರಂಗಿ ಅವರ ಹಿಂದೆ ಓಡಿದ.

“ಅಮ್ಮ, ಒಂದು ಸಣ್ಣ ವಿಷಯ,” ಎಂದರು ಲೇಖಕರು. “ಕೇಳೋಕೆ ಸಂಕೋಚ. ಅವತ್ತು ಇವರ ಕೈಯನ್ನ ನೀವು ಯಾವ ಕೈಯಿಂದ ತಳ್ಳಿದ್ರಿ? ಕೊನೆಯ ಪುಟದಲ್ಲಿ ಅದೇ ಕೈ ಇನ್ನೊಂದು ಸಲ ಬರುತ್ತೆ. ತಪ್ಪಾಗಬಾರದು.”

“ಎಡಗೈ ಸಾರ್, ಎಡಗೈ,” ಎಂದ ಫಿರಂಗಿ. “ಬರ್ಕೊಳ್ಳಿ, ಯಂತ್ರ ಕಾಯ್ತಿದೆ.”

ಅಕ್ಕ ಕೈಯಲ್ಲಿದ್ದ ಹಾಳೆಯನ್ನು ಪೂರ್ತಿ ಮಡಿಸಿ ಪಕ್ಕಕ್ಕಿಟ್ಟಳು.

“ನೀವು ಆ ಯಂತ್ರ ನೋಡಿದೀರಾ?”

“ಯಾವುದು?”

“ಅದೇ, ಹನ್ನೆರಡು ಫಾರಂ ಬರ್ದಿರಲ್ಲ ಅದರ ಬಗ್ಗೆ. ಬನ್ನಿ.”

ಅವಳು ಎದ್ದು ಕಾಗದ ಕತ್ತರಿಸುವ ಯಂತ್ರದ ಹತ್ತಿರ ಹೋದಳು. ಪಕ್ಕದಲ್ಲಿ ಬಂಡಿಯ ಗಾಲಿಯಷ್ಟು ದೊಡ್ಡ ಕಬ್ಬಿಣದ ಚಕ್ರವಿತ್ತು.

“ಈ ಕತ್ತಿ ಬೀಳಲ್ಲ ಸಾರ್. ಹಲ್ಲಿನ ಚಕ್ರಗಳ ಮೇಲೆ ಕೂತಿದೆ. ಇದನ್ನ ತಿರುಗಿಸಿದ್ರೆ ಇಳಿಯುತ್ತೆ. ನಿಲ್ಲಿಸಿದ್ರೆ ನಿಲ್ಲುತ್ತೆ. ತಿರುಗಿಸಿ ನೋಡಿ. ಒಂದು ಕೈಲಿ ಆಗಲ್ಲ, ಎರಡೂ ಬೇಕು.”

ಲೇಖಕರು ಪ್ರೂಫನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಚಕ್ರ ತಿರುಗಿಸಿದರು. ಕತ್ತಿ ಒಂದಂಗುಲ ಇಳಿದು ಸುಮ್ಮನೆ ನಿಂತಿತು. ಅವರು ಚಕ್ರದ ಮೇಲಿದ್ದ ತಮ್ಮ ಎರಡು ಕೈಗಳನ್ನು ನೋಡಿದರು, ಕತ್ತಿಯನ್ನು ನೋಡಿದರು, ಆಮೇಲೆ ಫಿರಂಗಿಯನ್ನು ನೋಡಿದರು.

“ಅವತ್ತು ಚಕ್ರದ ಹತ್ರ ಇದ್ದೋನು ಇವನು,” ಎಂದಳು ಅಕ್ಕ. “ಕತ್ತಿ ಕೆಳಗೆ ಇವನ ಕೈ ಹ್ಯಾಗೆ ಬರುತ್ತೆ?”

“ಆವಾಗ ನನ್ನ ಕೈ ಇನ್ನೂ ಸ್ವಲ್ಪ ಉದ್ದ ಇತ್ತು…” ಎಂದ ಫಿರಂಗಿ. ಯಾರೂ ನಗಲಿಲ್ಲ. ಅವನಿಗೇ ನಗು ಬರಲಿಲ್ಲ.

“ಅಮ್ಮ, ನೀವು ಯಾಕೆ ಇಷ್ಟು ವರ್ಷ…” ಎಂದರು ಲೇಖಕರು.

“ನಾನು ಆಸ್ಪತ್ರೆಯಿಂದ ಬರೋಷ್ಟರಲ್ಲಿ ಕಥೆ ಬೀದಿ ತುಂಬ ಓಡಾಡಿತ್ತು. ನಾನು ಒಳಗೆ ಬಂದ್ರೆ ಎಲ್ಲರೂ ಎದ್ದು ನಿಂತ್ರು. ಎದ್ದು ನಿಂತೋರಿಗೆ ಕೂತ್ಕೊಳ್ಳಿ, ಅದು ಹಾಗಲ್ಲ ಅನ್ನೋದು ಹ್ಯಾಗೆ? ಒಂದಿನ ಇವನೇ ಹೇಳ್ತಾನೆ ಅಂತಿದ್ದೆ. ಇವನು ಹೇಳಿದ, ದಿನಾ ಹೇಳಿದ. ಈಗ ನೀವು ನನ್ನ ಕತ್ತನ್ನೂ ಇಡ್ಸಿದೀರಿ, ನಗ್ತಾ.” ಅವಳು ತಮ್ಮನ ಕಡೆ ತಿರುಗಿದಳು. “ನಾನು ಕೊಟ್ನೇನೋ?”

ಫಿರಂಗಿ ಕೇಸುಗಳನ್ನು ನೋಡಿದ, ಕಿಟಕಿಯನ್ನು ನೋಡಿದ.

“ಇಲ್ಲಕ್ಕ,” ಎಂದ. “ನಾನು ತೆಗೆದೆ.”

ಲೇಖಕರು ಪ್ರೂಫನ್ನು ಬಿಡಿಸಿದರು, ಮಡಿಸಿದರು. ಅವರ ದನಿ ಎಂದಿಗಿಂತಲೂ ಕೆಳಗಿಳಿದಿತ್ತು. “ಒಂದನೇ ಫಾರಂ ಅಚ್ಚಾಗಿದೆ. ನಾಲ್ಕನೇದೂ ಆಗಿದೆ. ಇದೊಂದನ್ನ ಬದಲಾಯಿಸಿ ನಾನೇನು ಮಾಡ್ಲಿ?” ಎಂದರು. ಮಾಲೀಕರು ಅಚ್ಚಿನ ಯಂತ್ರದ ಹತ್ತಿರದಿಂದ, “ಸಾರ್, ಕಾಗದ ಏರಿಸಿಟ್ಟಿದೀವಿ, ಬೇಗ ಹೇಳಿ!” ಎಂದು ಕೂಗಿದರು. ಲೇಖಕರು ಚಕ್ರದ ಮೇಲೇ ಪ್ರೂಫನ್ನು ಇಟ್ಟು ಸಹಿ ಹಾಕಿದರು. ಎಡಗೈ, ಬಲಗೈ ಏನನ್ನೂ ತಿದ್ದಲಿಲ್ಲ. ತಲೆ ತಗ್ಗಿಸಿಕೊಂಡು ಹೊರಟುಹೋದರು.

ಯಂತ್ರ ಶುರುವಾಯಿತು. ನೆಲ ನಡುಗಿತು. ಅಕ್ಕ ತನ್ನ ಸ್ಟೂಲಿನ ಮೇಲೆ ಕೂತಳು. ಇನ್ನು ಅರ್ಧ ಗಂಟೆಯಲ್ಲಿ ಮೊದಲ ಹಾಳೆಗಳು ಅವಳ ಮೇಜಿಗೆ ಬರುತ್ತವೆ, ಅವಳೇ ಮಡಿಸಬೇಕು.

“ಆಮೇಲೆ?” ಎಂದಳು.

ಫಿರಂಗಿ ಅವಳೆದುರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ.

“ನಾನು ದಿನಕ್ಕೆ ಮೂರು ಪುಟ ಜೋಡಿಸೋದೇ ಹೆಚ್ಚು ಅಕ್ಕ. ನೀನು ಆರು ಜೋಡಿಸ್ತಿದ್ದೆ.”

“ಅದನ್ನಲ್ಲ ನಾನು ಕೇಳಿದ್ದು.”

“ಗೊತ್ತು.” ಅವನು ಯಂತ್ರದ ಸದ್ದಿಗಿಂತ ತುಸು ಮೇಲೆ ಮಾತಾಡಿದ, ಅವಳಿಗಷ್ಟೇ ಕೇಳುವ ಹಾಗೆ. “ಅವತ್ತು ಇಲ್ಲಿ ಕಾಗದದ ಕಂಪನಿಯೋರು ನಾಲ್ಕು ಜನ ಬಂದಿದ್ರು. ನಾನು ಅವರಿಗೆ ಒಂದು ಕಥೆ ಹೇಳ್ತಿದ್ದೆ. ನೀನು ನನಗೆ ನೆರವಾಗೋಕೆ ಬಂದು ಕತ್ತಿ ಕೆಳಗೆ ಕಾಗದದ ಕಟ್ಟು ಸರಿಮಾಡ್ತಿದ್ದೆ. ‘ಬಿಡ್ಲಾ’ ಅಂತ ಚಕ್ರದೋನು ಕೇಳ್ಬೇಕು, ‘ಬಿಡು’ ಅಂತ ಕತ್ತಿ ಹತ್ರ ಇರೋರು ಹೇಳ್ಬೇಕು, ಅಲ್ಲಿವರೆಗೂ ಮುಟ್ಟೋ ಹಾಗಿಲ್ಲ. ನಾನು ಕೇಳ್ಲಿಲ್ಲ. ಕಥೆ ಮಜಾ ಬಂದಿತ್ತು, ಕೈ ತಾನಾಗಿ ತಿರುಗಿಸ್ತು. ಇಲ್ಲ, ತಾನಾಗಿ ಅಲ್ಲ. ನಾನು ತಿರುಗಿಸಿದೆ. ನೀನು ನಗ್ಲಿಲ್ಲ. ಕೂಗಿದೆ. ನನಗೆ ಕೇಳಿಸ್ತು ಅಕ್ಕ, ಚೆನ್ನಾಗಿ ಕೇಳಿಸ್ತು. ಅವರು ನಾಲ್ಕೂ ಜನ ನನ್ನ ಬಾಯನ್ನೇ ನೋಡ್ತಿದ್ರು, ಕಥೆ ಮುಗಿಯೋಕೆ ಇನ್ನೊಂದೇ ಮಾತಿತ್ತು. ಅದನ್ನ ಹೇಳಿ ಮುಗಿಸಿದ ಮೇಲೆ ತಿರುಗಿ ನೋಡಿದೆ.”